ಆಲೂಗಡ್ಡೆ ಸಾಂಬಾರಿಗೇ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ದೀಪಾವಳಿ ಸಫಾಯಿ ಪುಟದಲ್ಲಿ ಒಂದು ಸಲಹೆ ಇತ್ತು. ಹಳೆಯ ತೈಲಚಿತ್ರ ಮಂಕಾಗಿದ್ದರೆ ಆಲೂಗಡ್ಡೆ ಹೋಳು ಮಾಡಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸದರಂತೆ ಹೊಳೆಯುತ್ತದೆ ಅಂತ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗಿರಗಾಂವ್‌ನ ಒಂದು ಅಂಗಡಿಯಲ್ಲಿ ಫ್ರೇಮು ಕಟ್ಟುತ್ತಲೇ ತಲೆ ನರೆತವನು ನಾನು. ಆಲೂಗಡ್ಡೆ, ಈರುಳ್ಳಿ, ಬ್ರೆಡ್ಡು, ಸೋಪಿನ ನೀರು ಎಲ್ಲ ಪ್ರಯೋಗ ಮುಗಿದ ಮೇಲೆ ನಮ್ಮಲ್ಲಿಗೆ ಬಂದ ಚಿತ್ರಗಳು ಒಂದೆರಡಲ್ಲ. ಅಷ್ಟೊತ್ತಿಗೆ ನಾವು ಹೊಸ ಕಟ್ಟು ಹಾಕಿಕೊಡಬಹುದಿತ್ತು, ಅಷ್ಟೇ.

ಈಗಲೇ ಬರೆಯಲು ಕಾರಣ ಇದೆ. ಫೋರ್ಟ್ ಕಡೆ ನಮ್ಮೂರಿನವರ ಒಂದು ಹಳೇ ಹೋಟೆಲಿನಲ್ಲಿ ಗಲ್ಲಾದ ಹಿಂದಿನ ಗೋಡೆಗೆ ಒಂದು ತೈಲಚಿತ್ರ ಇದೆ. ಈಗಿನ ಯಜಮಾನರ ತಂದೆಯ ಕಾಲದ್ದು. ಹೋಟೆಲಿಗೆ ಬಣ್ಣ ಹೊಡೆಸುತ್ತಿದ್ದಾರೆ, ಚಿತ್ರವನ್ನೂ ‘ಸ್ವಲ್ಪ ತೊಳೆದುಬಿಡುವ’ ಅಂತ ಯೋಚನೆ. ನಿಮ್ಮ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ‘ಆಲೂಗಡ್ಡೆಗೆ ನಮ್ಮಲ್ಲಿ ಬರವುಂಟಾ ಮಾರಾಯ್ರೆ?’ ಅಂದರು.

ಚಿತ್ರದಲ್ಲಿರುವುದು ಮಂಗಳೂರಿನ ಹಳೇ ಬಂದರು. ಪಣಂಬೂರಿನದಲ್ಲ, ಆ ಹೊಸ ಬಂದರು 1970ರ ದಶಕದಲ್ಲಿ ಬಂದದ್ದು. ಇದು ಹೊಳೆ ಬದಿಯ ಬಂದರು. ದಕ್ಕೆಗೆ (ಹಡಗುಕಟ್ಟೆಗೆ) ತಾಗಿ ನಿಂತ ಮಂಜಿಗಳು (ಸರಕು ಸಾಗಿಸುವ ಮರದ ಹಡಗುಗಳು), ಹೆಂಚಿನ ಮಾಡಿನ ಗೋದಾಮು, ಆಚೆ ದಡದಲ್ಲಿ ಬೆಂಗ್ರೆಯ ತೆಂಗಿನ ಸಾಲು. ನಾನು ಹುಟ್ಟಿದ್ದು ಬೋಳಾರದಲ್ಲಿ, ಹಾಗಾಗಿ ಜಾಗ ಗುರುತಿಸಲು ಕಷ್ಟವಾಗಲಿಲ್ಲ. ಹೋಟೆಲಿಗೆ ಬರುವವರೆಲ್ಲ ಅದನ್ನು ಸೂರ್ಯಾಸ್ತದ ಚಿತ್ರ ಅನ್ನುತ್ತಾರೆ. ಆಕಾಶ ಕಂದು ಹಳದಿ, ನೀರು ಕಷಾಯದ ಬಣ್ಣ.

ಆದರೆ ನೆರಳು ನೋಡಿ. ಬೆಂಗ್ರೆ ಇರುವುದು ಪಶ್ಚಿಮಕ್ಕೆ. ಅಲ್ಲಿ ಸೂರ್ಯ ಇಳಿಯುತ್ತಿದ್ದರೆ ದಕ್ಕೆಯ ಮೇಲೆ ಮೂಟೆ ಹೊತ್ತು ನಡೆಯುವವನ ನೆರಳು ನಮ್ಮ ಕಡೆಗೆ ಉದ್ದಕ್ಕೆ ಚಾಚಬೇಕಿತ್ತು. ಅದು ಅವನ ಕಾಲಬುಡದಲ್ಲೇ ಮುದುಡಿಕೊಂಡಿದೆ. ಅಂದರೆ ಕಲಾವಿದರು ಬರೆದದ್ದು ಸುಡುವ ಮಧ್ಯಾಹ್ನವನ್ನು! ನಾನು ಚಿತ್ರ ಇಳಿಸಿ ಫ್ರೇಮಿನಿಂದ ಬಿಡಿಸಿದೆ. ಫ್ರೇಮಿನ ತುಟಿಯ ಅಡಿ ಮುಚ್ಚಿಕೊಂಡಿದ್ದ ಅಂಚಿನಲ್ಲಿ ಬೆರಳಗಲ ಕೂಡ ಇಲ್ಲದ ಒಂದು ಪಟ್ಟಿ ಉಳಿದಿತ್ತು. ತಿಳಿ ನೀಲಿ. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಮಧ್ಯಾಹ್ನ ಸಂಜೆಯಾದದ್ದು ಬಣ್ಣ ಕೆಟ್ಟು ಅಲ್ಲ. ಬಣ್ಣದ ಮೇಲೆ ರಕ್ಷಣೆಗೆ ಬಳಿದ ವಾರ್ನಿಷ್ ಹಳದಿಯಾದದ್ದು. ಮರದ ಅಂಟಿನಿಂದ ಮಾಡುತ್ತಿದ್ದ ಹಳೇ ವಾರ್ನಿಷ್‌ಗೆ ಅದು ಹುಟ್ಟುಗುಣ. ಅದರ ಮೇಲೆ ಕಾವಲಿಯ ಹೊಗೆ, ಪಕ್ಕದ ದೇವರ ಪಟದ ಊದುಬತ್ತಿ ಹೊಗೆ. ಅಡಿಯ ಬಣ್ಣ ಅಗಸೆ ಎಣ್ಣೆಯಲ್ಲಿ ಅರೆದದ್ದು. ಆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ವರ್ಷಗಳು ಕಳೆದ ಹಾಗೆ ಪೆಡಸಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒದ್ದೆ ಆಲೂಗಡ್ಡೆ ಉಜ್ಜಿದರೆ ನೀರು ಆ ಬಿರುಕಿನಲ್ಲಿ ಇಳಿಯುತ್ತದೆ. ಕ್ಯಾನ್ವಾಸಿಗೆ ಮೊದಲು ಬಳಿಯುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು. ನೀರು ತಾಗಿದರೆ ಅದು ಉಬ್ಬುತ್ತದೆ, ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮೇಲೆ ಉಳಿದ ಹಿಟ್ಟಿನಂಶ ಬೂಷ್ಟಿಗೆ, ಹುಳಕ್ಕೆ ಊಟ. ಮಳೆಗಾಲದಲ್ಲಿ ಗಾಳಿಯ ತೇವ ಶೇ 80 ದಾಟುವ ಈ ಮುಂಬೈಯಲ್ಲಿ ಬೂಷ್ಟಿಗೆ ನಾವು ಕರೆದು ಬಡಿಸಬೇಕಾ?

ಉಜ್ಜಿದ ತಕ್ಷಣ ಹೊಳೆಯುವುದು ನಿಜ. ಒದ್ದೆಯಾದರೆ ಏನು ಬೇಕಾದರೂ ಹೊಳೆಯುತ್ತದೆ, ಅಲ್ವಾ?

ಹಳದಿ ವಾರ್ನಿಷ್ ತೆಗೆಯಲು ಬರುತ್ತದೆ. ಆದರೆ ಅದು ಕಲಿತವರ ಕೆಲಸ. ಒಂದು ಮೂಲೆಯಲ್ಲಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ, ಯಾವ ದ್ರಾವಣಕ್ಕೆ ವಾರ್ನಿಷ್ ಮಾತ್ರ ಬಿಡುತ್ತದೆ, ಬಣ್ಣ ಬಿಡುವುದಿಲ್ಲ ಅಂತ ಪರೀಕ್ಷೆ ಮಾಡಿಯೇ ಮುಂದುವರಿಯುತ್ತಾರೆ. ಟರ್ಪೆಂಟೈನ್ ಡಬ್ಬಿ ಹಿಡಿದು ಬರುವ ಗೋಡೆ ಪೇಂಟರಿಗೆ ಇದನ್ನು ವಹಿಸಬೇಡಿ. ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾಕೃತಿಗಳ ಸಂರಕ್ಷಣೆಗೆ ಬೇರೆ ಕೇಂದ್ರವೇ ಇದೆ. ನಮ್ಮಲ್ಲಿ ಬಹಳ ಮಂದಿ ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುತ್ತೇವಲ್ಲ, ಅದೇ. ಮೊದಲು ಅಲ್ಲಿ ವಿಚಾರಿಸಿ. ಖರ್ಚು ಜಾಸ್ತಿ ಅನ್ನಿಸಿದರೆ ಚಿತ್ರ ಹಾಗೇ ಮಂಕಾಗಿ ನೇತಾಡಲಿ. ಮುಂದೆ ಮಕ್ಕಳೋ ಮೊಮ್ಮಕ್ಕಳೋ ಶುಚಿ ಮಾಡಿಸಿಯಾರು.

ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಮಳೆ ಬಡಿಯುವ ಹೊರಗೋಡೆಗೆ ಚಿತ್ರ ಹಾಕಬೇಡಿ. ಫ್ರೇಮಿನ ಹಿಂಬದಿ ಕೆಳಮೂಲೆಗಳಿಗೆ ಬೂಚಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಜುಲೈಯಲ್ಲಿ ಕ್ಯಾನ್ವಾಸ್ ಸಡಿಲವಾದಂತೆ ಕಂಡರೆ ಹಿಂಬದಿಯ ಮರದ ಚೌಕಟ್ಟಿನ ಮೂಲೆಗಳಲ್ಲಿರುವ ಬೆಣೆಗಳನ್ನು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಲು ಹೋಗಬೇಡಿ. ಬಣ್ಣ ಏಳದೆ ಗಟ್ಟಿಯಾಗಿದ್ದರೆ ಮೆತ್ತನೆ ಒಣ ಬ್ರಷ್‌ನಲ್ಲಿ ಧೂಳು ಹಾರಿಸಿ, ಸಾಕು.

ಯಜಮಾನರಿಗೆ ಇನ್ನೊಂದು ಆಸೆಯೂ ಇತ್ತು: ‘ಇದು ಹೆಬ್ಬಾರರದ್ದೇ ಇರಬಹುದಾ?’ ಕಟ್ಟಿಂಗೇರಿಯಿಂದ ಬಂದು ಇಲ್ಲಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ದೊಡ್ಡ ಹೆಸರು ಮಾಡಿದ ಕೆ.ಕೆ. ಹೆಬ್ಬಾರರು ನಮ್ಮವರೇ. ಹಾಗಂತ ನಮ್ಮವರ ಹೋಟೆಲಿನ ಚಿತ್ರವೆಲ್ಲ ಅವರದ್ದಾಗುವುದಿಲ್ಲ. ಸಹಿ ಇರಬೇಕಾದ ಮೂಲೆ ಪೂರ್ತಿ ಕಪ್ಪಾಗಿದೆ. ಅಲ್ಲಿ ಏನಾದರೂ ಇದ್ದರೂ ಆಲೂಗಡ್ಡೆಗೆ ಮೊದಲು ಹೋಗುವುದು ಅದೇ, ಅಂದೆ. ಆಮೇಲೆ ಚಿತ್ರ ಹಳೇ ಪಂಚೆಯಲ್ಲಿ ಸುತ್ತಿಸಿಕೊಂಡು ಒಳಕೋಣೆ ಸೇರಿತು. ಮ್ಯೂಸಿಯಂಗೆ ಮಗನನ್ನು ಕಳಿಸುತ್ತೇನೆ ಅಂದಿದ್ದಾರೆ.

ಸಂಪಾದಕರೇ, ಇದನ್ನು ಪತ್ರಗಳ ಕಾಲಮ್ಮಿನಲ್ಲಿ ಹಾಕಿದರೆ ಸಂತೋಷ. ಆದರೆ ಸಲಹೆ ಬಂದ ಅದೇ ಭಾನುವಾರದ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರೆ ಇನ್ನೂ ಉಪಕಾರ. ಮನೆಮನೆಯಲ್ಲಿ ಸಫಾಯಿ ಆಗಲೇ ಶುರುವಾಗಿದೆ.

— ಒಬ್ಬ ಓದುಗ, ಡೊಂಬಿವಲಿ ಪೂರ್ವ