ಕಾಣಿಕೆ ಕೊಟ್ಟವರ ಕಟ್ಟಡ ಯಾರದು? ದೇವಾಲಯದ ಕಾಗದ ಓದಿ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದ ವರ್ಜೀನಿಯಾದಲ್ಲಿ ಫಾಲ್ಸ್ ಚರ್ಚ್ ಅಂತ ಒಂದು ಊರಿದೆ. ಅಲ್ಲಿನ ಆಂಗ್ಲಿಕನ್ ದೇವಾಲಯದಿಂದಲೇ ಊರಿಗೆ ಆ ಹೆಸರು ಬಂದದ್ದು. ಈಗಲೂ ನಿಂತಿರುವ ಇಟ್ಟಿಗೆ ಕಟ್ಟಡ 1769ರದ್ದು. ಅಲ್ಲಿನ ಸಭೆಯವರು 2006ರ ಡಿಸೆಂಬರ್‌ನಲ್ಲಿ ಮತ ಹಾಕಿ, ಎಪಿಸ್ಕೋಪಲ್ ಚರ್ಚ್ ಬಿಟ್ಟು ಹೊರಬಂದರು. ಎಪಿಸ್ಕೋಪಲ್ ಅಂದರೆ ಅಮೆರಿಕದ ಆಂಗ್ಲಿಕನ್ನರ ಹಳೆಯ ಸಂಸ್ಥೆ. ಹೊರಬಂದವರು ನೈಜೀರಿಯಾದ ಆಂಗ್ಲಿಕನ್ ಸಭೆಯ ಆಶ್ರಯಕ್ಕೆ ಹೋದರು. ದೇವಾಲಯ ಮಾತ್ರ ನಮ್ಮದೇ ಅಂದರು. ವರ್ಷಗಟ್ಟಲೆ ಕೇಸು ನಡೆಯಿತು. ಕೊನೆಗೆ ಸೋತು, 2012ರ ಮೇ ತಿಂಗಳಲ್ಲಿ ಕಟ್ಟಡ ಬಿಟ್ಟುಕೊಟ್ಟರು.

ಈ ಕಥೆಯನ್ನು ನಮ್ಮ ಸಭೆಯ ಯುವಕರ ಸಂಘದ ಹುಡುಗನೊಬ್ಬ ಓದಿಕೊಂಡು ಬಂದಿದ್ದ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮಾತು ಎದ್ದಿತು. "ದುಡ್ಡು ಹಾಕಿದವರು ಅವರು, ಗುಡಿಸಿ ಸಾರಿಸಿದವರು ಅವರು. ಕೋರ್ಟು ಕಿತ್ಕೊಂಡು ಬೇರೆಯವರಿಗೆ ಕೊಡ್ತು. ಇದು ಅನ್ಯಾಯ ಅಲ್ವಾ ಅಂಕಲ್?" ಅಂದ. ಸುತ್ತ ಇದ್ದವರು ಹೌದು ಹೌದು ಅಂತ ತಲೆ ಆಡಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ನಾನು ತುಮಕೂರಿನ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆದುಕೊಂಡು ಬದುಕುವವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದೇ ಮಕ್ಕಳನ್ನು ಓದಿಸಿದ್ದು. ಸಭಾ ಸಮಿತಿಯಲ್ಲೂ ಇದ್ದವನು. ಎರಡೂ ಕಡೆಯಿಂದ ನೋಡಿದವನಾಗಿ ಇದನ್ನು ಬರೆಯುತ್ತಿದ್ದೇನೆ.

ಅವರು ಯಾಕೆ ಬಿಟ್ಟರು ಅನ್ನುವುದು ಗೊತ್ತಿರುವ ವಿಷಯ. 2003ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಜೀನ್ ರಾಬಿನ್‌ಸನ್ ಎಂಬವರು ಬಿಷಪ್ ಆದರು. ಅವರು ಸಲಿಂಗಿ, ಮತ್ತು ಅದನ್ನು ಮುಚ್ಚಿಟ್ಟವರಲ್ಲ. ಅದು ಸತ್ಯವೇದಕ್ಕೆ ವಿರುದ್ಧ ಅಂದವರು ಕೆಲವರು, ಅಲ್ಲ ಅಂದವರು ಕೆಲವರು. ಅದಕ್ಕೂ ಮೊದಲಿನ ಅಸಮಾಧಾನಗಳೂ ಇದ್ದವು. ಅದರಲ್ಲಿ ಯಾರು ಸರಿ ಅಂತ ಹೇಳುವುದು ಈ ಪತ್ರದ ಕೆಲಸ ಅಲ್ಲ. ಕೋರ್ಟೂ ಅದನ್ನು ಹೇಳಲಿಲ್ಲ. ಹೇಳಬಾರದು ಕೂಡ.

ಅಮೆರಿಕದ ಸುಪ್ರೀಂ ಕೋರ್ಟು 1979ರಲ್ಲೇ ಜಾರ್ಜಿಯಾದ ಒಂದು ಪ್ರೆಸ್ಬಿಟೇರಿಯನ್ ಸಭೆಯ ಕೇಸಿನಲ್ಲಿ ದಾರಿ ತೋರಿಸಿತ್ತು. ಜಡ್ಜು ಬೋಧನೆಯ ಒಳಗೆ ಇಳಿಯಬೇಕಿಲ್ಲ. ಜಮೀನಿನ ಪತ್ರ ಏನು ಹೇಳುತ್ತದೆ, ಸಂಸ್ಥೆಯ ನಿಯಮಾವಳಿ ಏನು ಹೇಳುತ್ತದೆ, ರಾಜ್ಯದ ಕಾನೂನು ಏನು ಹೇಳುತ್ತದೆ, ಅಷ್ಟನ್ನು ನೋಡಿ ತೀರ್ಮಾನ ಮಾಡಬಹುದು ಅಂತ. ಅದೇ ವರ್ಷ ಎಪಿಸ್ಕೋಪಲ್ ಚರ್ಚ್ ತನ್ನ ನಿಯಮದಲ್ಲಿ ಒಂದು ಮಾತು ಸೇರಿಸಿತು. ಊರಿನ ಸಭೆಯ ಆಸ್ತಿಯನ್ನು ಆ ಸಭೆ ಇಡೀ ಸಂಸ್ಥೆಗಾಗಿ, ಡಯಾಸಿಸ್‌ಗಾಗಿ (ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ಪ್ರಾಂತಕ್ಕಾಗಿ) ಟ್ರಸ್ಟ್ ಆಗಿ ಇಟ್ಟುಕೊಂಡಿರುತ್ತದೆ ಅನ್ನುವುದು ಆ ಮಾತಿನ ಸಾರ. ಡೆನಿಸ್ ಕ್ಯಾನನ್ ಅನ್ನುತ್ತಾರೆ ಅದಕ್ಕೆ. ಕ್ಯಾನನ್ ಅಂದರೆ ಚರ್ಚಿನ ನಿಯಮ.

ವರ್ಜೀನಿಯಾದಲ್ಲಿ ಇನ್ನೊಂದು ಹಳೆಯ ಕಾನೂನಿತ್ತು, 1867ರದ್ದು. ಚರ್ಚ್ ಒಡೆದರೆ ಊರಿನ ಸಭೆಯ ಬಹುಮತ ಯಾವ ಕಡೆಯೋ ಕಟ್ಟಡವೂ ಆ ಕಡೆ ಅನ್ನುತ್ತಿತ್ತು ಅದು. ಹೊರಬಂದವರು ಅದನ್ನೇ ಹಿಡಿದುಕೊಂಡರು. 2008ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು. 2010ರಲ್ಲಿ ವರ್ಜೀನಿಯಾ ಸುಪ್ರೀಂ ಕೋರ್ಟು, ಆ ಕಾನೂನು ಇಲ್ಲಿಗೆ ಅನ್ವಯಿಸುವುದಿಲ್ಲ ಅಂದಿತು. ಕೇಸು ಹಿಂದಕ್ಕೆ ಬಂತು. 2012ರ ಜನವರಿಯಲ್ಲಿ ಅದೇ ಕೆಳಗಿನ ಕೋರ್ಟು ಫಾಲ್ಸ್ ಚರ್ಚ್ ಸೇರಿ ಏಳು ಸಭೆಗಳ ಆಸ್ತಿ ಡಯಾಸಿಸ್‌ಗೆ ಸೇರಿದ್ದು ಅಂತ ತೀರ್ಪು ಕೊಟ್ಟಿತು. 2013ರಲ್ಲಿ ಮೇಲಿನ ಕೋರ್ಟು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು.

ಬಹುಮಟ್ಟಿಗೆ ಅಂದೆ. ಯಾಕೆಂದರೆ ಒಂದು ಕಡೆ ಕೋರ್ಟು ಬೇರೆ ಮಾತು ಹೇಳಿತು. 2003ರ ನಂತರ ಕೆಲವರು ನಮ್ಮ ದುಡ್ಡು ಡಯಾಸಿಸ್‌ಗೆ ಹೋಗಬಾರದು ಅಂತ ಹೇಳಿಯೇ ಕಾಣಿಕೆ ಕೊಡುತ್ತಿದ್ದರು. ಆ ದುಡ್ಡನ್ನೂ ಡಯಾಸಿಸ್‌ಗೆ ಕೊಟ್ಟದ್ದು ತಪ್ಪು ಅಂದಿತು ಮೇಲಿನ ಕೋರ್ಟು. ಇದನ್ನು ಓದಿದಾಗ ನನಗೆ ಖುಷಿಯಾಯಿತು. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಬೆಲೆ ಇದೆ. ಆದರೆ ಅದು ಕೊಡುವಾಗ ಹೇಳಿರಬೇಕು. ಕೊಟ್ಟು ನೂರು ವರ್ಷ ಆದ ಮೇಲೆ ಮೊಮ್ಮಕ್ಕಳು ಹೇಳಿದರೆ ಆಗುವುದಿಲ್ಲ.

ನಮ್ಮ ಸುಗ್ಗಿ ಹಬ್ಬ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅವತ್ತು ದೇವಾಲಯದ ಮುಂಭಾಗದಲ್ಲಿ ತೆಂಗಿನಕಾಯಿ, ಹುಣಸೆಹಣ್ಣು, ರಾಗಿ, ಹಲಸು, ಕಾಲು ಕಟ್ಟಿದ ನಾಟಿ ಕೋಳಿ ಎಲ್ಲ ಬಂದು ಕೂತಿರುತ್ತವೆ. ಆರಾಧನೆ ಆದ ಮೇಲೆ ಹೊರಗೆ ಹರಾಜು. ಒಂದು ವರ್ಷ ಹೆಬ್ಬೂರು ಕಡೆಯಿಂದ ಬಂದ ತಾಯಿಯೊಬ್ಬರು ತಾವೇ ಬೆಳೆದ ಕುಂಬಳಕಾಯಿ ತಂದಿಟ್ಟಿದ್ದರು. ಹರಾಜಿನಲ್ಲಿ ಅದಕ್ಕೇ ಕೂಗಿದರು, ಮಗಳ ಮನೆಗೆ ಬೇಕಿತ್ತಂತೆ. "ನಿಮ್ಮದೇ ಕಾಯಿ ಅಲ್ವಾ ಅಮ್ಮ, ಸುಮ್ನೆ ತಗೊಂಡು ಹೋಗಿ" ಅಂದ ಕೂಗುತ್ತಿದ್ದ ಹುಡುಗ. "ತಂದಿಟ್ಟ ಮೇಲೆ ನಂದು ಹೇಗಾಗುತ್ತಪ್ಪ?" ಅಂತ 300 ರೂಪಾಯಿ ಎಣಿಸಿ ಕೊಟ್ಟು, ಸೆರಗಿನಿಂದ ಕಾಯಿಯ ಮಣ್ಣು ಒರೆಸಿ ಎತ್ತಿಕೊಂಡು ಹೋದರು.

ಆ ತಾಯಿ ಹೇಳಿದ್ದೇ ಕಾನೂನು. ಕೊಟ್ಟದ್ದು ಕೊಟ್ಟಾಯಿತು. ಫಾಲ್ಸ್ ಚರ್ಚ್‌ನ ಕಟ್ಟಡ ಕಟ್ಟಿದವರು 2006ರಲ್ಲಿ ಮತ ಹಾಕಿದವರಲ್ಲ. ಅವರ ಹಿಂದೆ ಎಷ್ಟೋ ತಲೆಮಾರು ಕಾಣಿಕೆ ಹಾಕಿ ಮಣ್ಣಾಗಿವೆ. ಇವತ್ತಿನವರು ಬಹುಮತದಿಂದ ಎದ್ದು ಹೋಗುವಾಗ, ಸತ್ತವರ ಪಾಲನ್ನೂ ಎತ್ತಿಕೊಂಡು ಹೋಗುತ್ತೇವೆ ಅನ್ನಲು ಬರುತ್ತದೆಯೇ? ಹೋಗಲು ಒಪ್ಪದೆ ಹಿಂದೆ ಉಳಿದ ಒಂದು ಸಣ್ಣ ಗುಂಪೂ ಇತ್ತು. ಕೇಸು ನಡೆದಷ್ಟು ವರ್ಷ ಅವರು ಎದುರಿನ ಪ್ರೆಸ್ಬಿಟೇರಿಯನ್ ಚರ್ಚಿನ ಹಾಲಿನಲ್ಲಿ ಆರಾಧನೆ ಮಾಡುತ್ತಿದ್ದರು. ಅವರೂ ಅದೇ ದೇವಾಲಯದ ಮಕ್ಕಳೇ.

ಹಾಗಂತ ಎಲ್ಲ ಕಡೆಯೂ ಹೊರಬಂದವರೇ ಸೋತಿಲ್ಲ. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 2020ರಲ್ಲಿ ಅವರೇ ಗೆದ್ದರು. ಸೌತ್ ಕೆರೊಲಿನಾದಲ್ಲಿ 2022ರಲ್ಲಿ ಕೋರ್ಟು ಒಂದೊಂದು ಸಭೆಯ ಕಾಗದವನ್ನು ಬೇರೆ ಬೇರೆಯಾಗಿ ನೋಡಿ, ಕೆಲವಕ್ಕೆ ಉಳಿಸಿತು, ಕೆಲವಕ್ಕೆ ಇಲ್ಲ ಅಂದಿತು. ನಮ್ಮಲ್ಲೂ ಹಾಗೇ. ಗುಜರಾತಿನ ಬ್ರೆದ್ರನ್ ಸಭೆ ಉತ್ತರ ಭಾರತ ಸಭೆಯಲ್ಲಿ ಸೇರಿಹೋಗಿದೆ ಅಂತ ಒಂದು ಕಡೆಯವರು ವಾದ ಮಾಡಿದ್ದರು. ಬರೀ ನಿರ್ಣಯ ಪಾಸು ಮಾಡಿದ ಮಾತ್ರಕ್ಕೆ ಆಸ್ತಿ ಕೈ ಬದಲಾಗುವುದಿಲ್ಲ, ಕಾನೂನಿನ ಪ್ರಕಾರ ಆಗಬೇಕಾದ್ದು ಆಗಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು.

ನಮ್ಮ ತುಮಕೂರು ಸೀಮೆಯ ಹಳೆಯ ಸಭೆಗಳು ಬಹಳಷ್ಟು ವೆಸ್ಲಿಯನ್, ಅಂದರೆ ಮೆಥಡಿಸ್ಟ್, ಮಿಷನ್ ಕಾಲದವು. ನನ್ನ ತಾತ ವೆಸ್ಲಿಯನ್ ಆಗಿದ್ದವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ಲರು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆಯಿತು. ನಮ್ಮ ಮನೆಯವರು ಅದೇ ಬೆಂಚಿನ ಮೇಲೆ ಕೂತೇ ಸಿಎಸ್‌ಐನವರಾದರು. ಆಸ್ತಿ ನೋಡಿಕೊಳ್ಳಲು ಅದೇ ವರ್ಷ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಅಂತ ಕಂಪನಿ ಕಾಯ್ದೆಯಡಿ ಒಂದು ಸಂಸ್ಥೆ ನೋಂದಣಿಯಾಯಿತು. ನಮ್ಮ ದೇವಾಲಯದ ಕಾಗದ ಆ ಸಂಸ್ಥೆಯ ಹೆಸರಿಗೆ ಇರುತ್ತದೆ ಅನ್ನುವುದು ಸಭೆಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮ್ಮ ಸಭೆಯ ಹೆಸರಲ್ಲೇ ಇದೆ ಅಂದುಕೊಂಡಿರುತ್ತಾರೆ.

ಇದಕ್ಕಿಂತ ಕಷ್ಟದ ಸ್ಥಿತಿ ಸ್ವತಂತ್ರ ಸಭೆಗಳದ್ದು. ಬಡಾವಣೆಗಳಲ್ಲಿ ಶೀಟು ಹೊದಿಸಿದ ಪ್ರಾರ್ಥನಾ ಮಂದಿರಗಳು ಜಾಸ್ತಿ ಆಗಿವೆ. ಅಂಥ ಒಂದು ಸಭೆಯವರು ನನ್ನ ಮೇಜಿನ ಮುಂದೆ ಬಂದು ಕೂತದ್ದು ನೆನಪಿದೆ. ಹಿರಿಯರೊಬ್ಬರು ತಮ್ಮ ಸೈಟು ಬಿಟ್ಟುಕೊಟ್ಟಿದ್ದರು, ಬಾಯಿಮಾತಿನಲ್ಲಿ. ಗಾರೆ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ವಾರ ವಾರ ದುಡ್ಡು ಕೂಡಿಸಿ ಗೋಡೆ ಎಬ್ಬಿಸಿದರು, ನೆಲಕ್ಕೆ ಟೈಲ್ಸ್ ಹಾಕಿಸಿದರು. ಹಿರಿಯರು ತೀರಿಕೊಂಡರು. ಮಕ್ಕಳು ವಿಭಾಗಪತ್ರ ಮಾಡಿಕೊಂಡರು. ಮಂದಿರ ಎರಡನೇ ಮಗನ ಪಾಲಿಗೆ ಬಂತು. ಅವನು ಬೀಗ ಹಾಕಿದ. ಅವರ ಕೈಯಲ್ಲಿ ಇದ್ದದ್ದು ಸಿಮೆಂಟು ಅಂಗಡಿಯ ರಸೀದಿಗಳು, ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಒಂದೊಂದನ್ನೂ ಬಿಡಿಸಿ ಮೇಜಿನ ಮೇಲೆ ಜೋಡಿಸಿದರು. "ಇದರ ಮೇಲೆ ಏನಾದರೂ ಬರೆಯಲು ಆಗುತ್ತದಾ ಸಾರ್?" ಅಂತ ಕೇಳಿದರು. ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ನೋಡಿದೆ. ಸಭೆಯ ಹೆಸರು ಎಲ್ಲೂ ಇರಲಿಲ್ಲ. ಆ ಸೈಟಿನ ಮೇಲೆ ನಾನು ಬರೆಯುವಂಥದ್ದು ಏನೂ ಇರಲಿಲ್ಲ. ವಕೀಲರ ಹತ್ತಿರ ಹೋಗಿ ಅಂತ ಕಳಿಸಿಕೊಟ್ಟೆ. 500 ರೂಪಾಯಿಯ ಸ್ಟಾಂಪಿನ ಮೇಲೆ ಒಂದು ಮಾತು ಬರೆಸಿಟ್ಟಿದ್ದರೆ ಸಾಕಾಗುತ್ತಿತ್ತು ಅಂತ ಜನ ಅಂದುಕೊಳ್ಳುತ್ತಾರೆ. ಸಾಲುವುದಿಲ್ಲ. ದಾನಪತ್ರ ಅಂದರೆ ನೋಂದಣಿ ಆಗಲೇಬೇಕು, ಅದೂ ಟ್ರಸ್ಟಿನ ಹೆಸರಿಗೋ ಸಂಘದ ಹೆಸರಿಗೋ ಆಗಬೇಕು.

ಇಷ್ಟು ಹೇಳಿದ ಮೇಲೆ ಗೆದ್ದವರ ಬಗ್ಗೆಯೂ ಹೇಳಬೇಕು. ಅವರ ಮೇಲೆ ನನಗೆ ಕೋಪ ಇದೆ.

ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಗುಡ್ ಶೆಫರ್ಡ್ ಅಂತ ಒಂದು ಸಭೆ. ಅವರೂ ಹೊರಬಂದರು, ಕೋರ್ಟಿನಲ್ಲಿ ಸೋತರು. ಕಟ್ಟಡವನ್ನು ನಾವೇ ಕೊಂಡುಕೊಳ್ಳುತ್ತೇವೆ ಅಂತ ಕೇಳಿದ್ದರು. ಡಯಾಸಿಸ್ ಒಪ್ಪಲಿಲ್ಲ. ಆಮೇಲೆ 2010ರಲ್ಲಿ ಅದನ್ನು ಒಂದು ಇಸ್ಲಾಮಿಕ್ ಕೇಂದ್ರಕ್ಕೆ, ಇವರು ಕೊಡುತ್ತೇವೆ ಅಂದದ್ದಕ್ಕಿಂತ ಕಡಿಮೆಗೆ ಮಾರಿತು. ಮುಸ್ಲಿಮರು ಕೊಂಡದ್ದು ನನಗೆ ತಪ್ಪಾಗಿ ಕಾಣುವುದಿಲ್ಲ. ಅವರೂ ಪ್ರಾರ್ಥನೆಗೇ ಕೊಂಡರು. ನನಗೆ ಸಂಕಟ ಆಗುವುದು ಬೇರೆ ಕಡೆ. ಯಾರಿಗೆ ಬೇಕಾದರೂ ಮಾರುತ್ತೇವೆ, ನಿಮಗೆ ಮಾತ್ರ ಇಲ್ಲ ಅಂದರಲ್ಲ, ಅದು. ನಮ್ಮ ಸುಗ್ಗಿ ಹಬ್ಬದ ಹರಾಜಿನಲ್ಲಿ ತಂದುಕೊಟ್ಟವರು ಕೂಗಬಾರದು ಅಂತ ಯಾರಾದರೂ ಹೇಳಿದ್ದುಂಟೇ? ಆಸ್ತಿ ಕೊಟ್ಟವರದ್ದಲ್ಲ ಅನ್ನುವುದು ನಿಜವಾದರೆ, ಗೆದ್ದವರದ್ದೂ ಅಲ್ಲ. ಟ್ರಸ್ಟ್ ಅನ್ನುವ ಮಾತನ್ನು ಕೋರ್ಟಿನಲ್ಲಿ ಗೆಲ್ಲಲು ಮಾತ್ರ ಬಳಸಿ, ಗೆದ್ದ ಮೇಲೆ ಸ್ವಂತ ಸೈಟಿನ ಹಾಗೆ ನಡೆಸಿಕೊಳ್ಳುವುದು ಸರಿಯಲ್ಲ.

ಕೇರಳದಲ್ಲಿ ಇದು ಎಲ್ಲಿಗೆ ಹೋಯಿತು ನೋಡಿ. ಒಂದೇ ಮಲಂಕರ ಚರ್ಚಿನ ಎರಡು ಬಣಗಳಾದ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಕಡೆಯವರ ಜಗಳದಲ್ಲಿ 2017ರ ಜುಲೈ 3ರಂದು ಸುಪ್ರೀಂ ಕೋರ್ಟು, ಆ ಚರ್ಚಿನ 1934ರ ಸಂವಿಧಾನದ ಪ್ರಕಾರವೇ ಚರ್ಚುಗಳು ನಡೆಯಬೇಕು ಅಂದಿತು. ಆರ್ಥೊಡಾಕ್ಸ್ ಕಡೆ ಗೆದ್ದಿತು. ಆಮೇಲೆ ಏನಾಯಿತು? ಸೋತ ಕಡೆಯವರು ತಮ್ಮ ಅಪ್ಪ ಅಮ್ಮನನ್ನು ಅಜ್ಜ ಅಜ್ಜಿಯ ಪಕ್ಕ ಹೂಳಲು ಸಮಾಧಿ ಭೂಮಿಯ ಗೇಟಿನಲ್ಲಿ ಶವ ಇಟ್ಟುಕೊಂಡು ನಿಂತರು. ವಾರಗಟ್ಟಲೆ ಹೂಳಲಾಗದೆ ಇಟ್ಟ ಶವಗಳೂ ಇದ್ದವು. ಕೊನೆಗೆ ಕೇರಳ ಸರ್ಕಾರ 2020ರಲ್ಲಿ ಅದಕ್ಕೇ ಒಂದು ಕಾನೂನು ಮಾಡಬೇಕಾಯಿತು. ಯಾವ ಬಣದವರೇ ಆಗಲಿ, ತಮ್ಮ ಹಿರಿಯರ ಸಮಾಧಿ ಇರುವಲ್ಲಿ ಹೂಳಬಹುದು ಅಂತ. ಕ್ರೈಸ್ತರಿಗೆ ಇದನ್ನು ಸರ್ಕಾರ ಹೇಳಿಕೊಡಬೇಕಾಯಿತಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಬಿಟ್ಟುಹೋದವರು ಯಾವಾಗಲೂ ಬಿಟ್ಟೇ ಹೋಗುವುದಿಲ್ಲ ಅನ್ನುವುದನ್ನೂ ಮರೆಯಬಾರದು. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹಳ ಜನ 1947ರಲ್ಲಿ ಸಿಎಸ್‌ಐ ಸೇರಲು ಒಪ್ಪಲಿಲ್ಲ. ದೂರವೇ ಉಳಿದರು. 1975ರಲ್ಲಿ ಬಂದು ಸೇರಿದರು. 28 ವರ್ಷ ಜಗಳದಲ್ಲಿ ಇದ್ದವರು ಮತ್ತೆ ಒಂದೇ ಮೇಜಿನಿಂದ ಕರ್ತನ ಭೋಜನ ತೆಗೆದುಕೊಂಡರು. ನಡುವೆ ಒಬ್ಬರನ್ನೊಬ್ಬರು ಬೀದಿಗೆ ಹಾಕಿದ್ದರೆ ಅದು ಆಗುತ್ತಿತ್ತೇ?

ಆದ್ದರಿಂದ ನಮ್ಮ ಜಿಲ್ಲೆಯ ಸಭೆಗಳಿಗೆ ಎರಡು ಕೋರಿಕೆ. ವರ್ಷದ ಸಾಮಾನ್ಯ ಸಭೆಯಲ್ಲಿ ಲೆಕ್ಕಪತ್ರ ಓದುವ ಹಾಗೆ ದೇವಾಲಯದ ಮತ್ತು ಸಮಾಧಿ ಭೂಮಿಯ ಕಾಗದವನ್ನೂ ಒಮ್ಮೆ ಜೋರಾಗಿ ಓದಿ ಹೇಳಿ. ಯಾರ ಹೆಸರಿನಲ್ಲಿದೆ, ಚೆಕ್ಕುಬಂದಿ ಏನು, ಖಾತೆ ಆಗಿದೆಯಾ, ಎಲ್ಲರಿಗೂ ಗೊತ್ತಿರಲಿ. ಇನ್ನು ಡಯಾಸಿಸ್‌ನ ಮೇಲಿನವರಿಗೆ: ಸಭೆ ಒಡೆದರೆ ಹೋದವರ ಹೆಣ ಹೂಳಲು ತಡೆಯಿಲ್ಲ, ಕಟ್ಟಡ ಮಾರುವುದಾದರೆ ಅಲ್ಲಿ ಆರಾಧನೆ ಮಾಡಿದವರನ್ನೇ ಮೊದಲು ಕೇಳುತ್ತೇವೆ ಅಂತ ನಿಯಮದಲ್ಲಿ ಬರೆದಿಡಿ. ಜಗಳ ಇಲ್ಲದಾಗ ಬರೆದರೆ ಎರಡು ಸಾಲಿನ ಕೆಲಸ. ಜಗಳ ಶುರುವಾದ ಮೇಲೆ ಯಾರೂ ಬರೆಯುವುದಿಲ್ಲ.

ಹಳೆಯ ಮಿಷನ್ ಕಾಲದ ಪತ್ರಗಳ ಕೈಬರಹ ಈಗಿನವರಿಗೆ ಓದಲು ಬರುವುದಿಲ್ಲ ಅಂತ ಗೊತ್ತು. ಯಾವ ಸಭೆಯವರೇ ಆಗಲಿ, ಯಾವ ಬಣದವರೇ ಆಗಲಿ, ತಂದರೆ ಕೂತು ಓದಿ ಹೇಳುತ್ತೇನೆ. ದುಡ್ಡು ಬೇಡ. ಮೂಲಪತ್ರ ಮನೆಯಲ್ಲೇ ಇರಲಿ, ಜೆರಾಕ್ಸ್ ತನ್ನಿ.

ಇಂತಿ,
ಒಬ್ಬ ಪತ್ರ ಬರಹಗಾರ
ತುಮಕೂರು