ಪುಟ್ಟಿಗೆ, ಹಳೆಯ ಪೋರ್ಶೆಯ ವಿಷಯವಾಗಿ

ಆನ್ ಆರ್ಬರ್, ಮಿಷಿಗನ್

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ಕೊಳ್ಳಬೇಕೆಂದು ನೀನು ನೋಡಿರುವ ಎರಡೂ ಹಳೆಯ ಪೋರ್ಶೆ ಕಾರುಗಳ ವಿವರ ಮತ್ತು ಚಿತ್ರಗಳನ್ನು ನೋಡಿದೆ. ಅದೇ ರಾತ್ರಿ ಶಿವಮೊಗ್ಗದಿಂದ ನಿನ್ನ ಅಪ್ಪನ ಫೋನೂ ಬಂತು. "ಅಣ್ಣ, ಇಪ್ಪತ್ತು ವರ್ಷ ದಾಟಿದ ಕಾರಿಗೆ ದುಡ್ಡು ಸುರಿಯಲು ಹೊರಟಿದ್ದಾಳೆ. ಅದರ ಎಂಜಿನ್ನು ಇದ್ದಕ್ಕಿದ್ದಂತೆ ಒಡೆದುಹೋಗುತ್ತದಂತೆ. ನೀನಾದರೂ ಬುದ್ಧಿ ಹೇಳು" ಎಂದ. ಬೇಡ ಎಂದು ಹೇಳಿಬಿಡುವುದು ನನಗೆ ಸುಲಭವಾಗಿತ್ತು. ಆದರೆ ಅದೇ ಜಾತಿಯ ಎಂಜಿನ್ನಿನ, ಪೋರ್ಶೆಯದೇ ಆದ ಬಾಕ್ಸ್‌ಸ್ಟರ್ ಎಂಬ ಎರಡು ಸೀಟಿನ ಕಾರೊಂದನ್ನು 2012ರಿಂದ ನಾನೇ ಸಾಕಿಕೊಂಡು ಬಂದಿರುವಾಗ ನಿನಗೆ ಮಾತ್ರ ಬೇಡ ಎನ್ನುವುದು ಪ್ರಾಮಾಣಿಕವಾಗುವುದಿಲ್ಲ. ಅದಕ್ಕೇ ಫೋನಿನಲ್ಲಿ ಎರಡು ಮಾತಾಡಿ ಮುಗಿಸದೆ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಮೊದಲು ನಿನ್ನ ಅಪ್ಪನ ಭಯದ ವಿಷಯ. ಅದು ಸುಳ್ಳು ಭಯವಲ್ಲ. ನೀನು ಮೆಚ್ಚಿರುವ 996, ಅಂದರೆ ಪೋರ್ಶೆಯ ಹೆಸರಾಂತ 911 ಸ್ಪೋರ್ಟ್ಸ್ ಕಾರಿನ 1997ರಲ್ಲಿ ಹೊರಬಂದ ಪೀಳಿಗೆ, ನೀರಿನಿಂದ ತಂಪಾಗುವ ಎಂಜಿನ್ ಪಡೆದ ಮೊದಲ 911. ಅದಕ್ಕೂ ಹಿಂದಿನ ಮೂರು ದಶಕಗಳ 911ಗಳೆಲ್ಲ ಗಾಳಿಯಿಂದ ತಂಪಾಗುತ್ತಿದ್ದವು. ತೊಂಬತ್ತರ ದಶಕದ ಆರಂಭದಲ್ಲಿ ಪೋರ್ಶೆ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ಆಗ ಚುಕ್ಕಾಣಿ ಹಿಡಿದ ವೆಂಡೆಲಿನ್ ವೀಡೆಕಿಂಗ್ ಜಪಾನಿನಿಂದ ಟೊಯೊಟಾ ಪದ್ಧತಿ ಬಲ್ಲ ಸಲಹೆಗಾರರನ್ನು ಕರೆಸಿ ಕಾರ್ಖಾನೆಯ ಕೆಲಸದ ರೀತಿಯನ್ನೇ ಬದಲಾಯಿಸಿದರು. ಬಾಕ್ಸ್‌ಸ್ಟರ್ ಮತ್ತು 996 ಎರಡನ್ನೂ ಒಟ್ಟೊಟ್ಟಿಗೆ ರೂಪಿಸಿ, ಬಾಗಿಲಿನಿಂದ ಮುಂದಿನ ಭಾಗವನ್ನೂ ಎಂಜಿನ್ನಿನ ಮೂಲ ವಿನ್ಯಾಸವನ್ನೂ ಹಂಚಿಕೊಳ್ಳುವಂತೆ ಮಾಡಿದರು. ಕಂಪನಿ ಉಳಿಯಿತು. ಹಾಗೆ ಹುಟ್ಟಿದ ಎಂ96 ಎಂಬ ಎಂಜಿನ್ನಿನ ಹೊಟ್ಟೆಯಲ್ಲಿ ಮಾತ್ರ ಒಂದು ಸಣ್ಣ ಬೇರಿಂಗ್ ಇತ್ತು.

ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಚೈನುಗಳ ಮೂಲಕ ತಿರುಗುವಿಕೆಯನ್ನು ದಾಟಿಸಲು ನಡುವೆ ಒಂದು ಇಂಟರ್ಮೀಡಿಯೆಟ್ ಶಾಫ್ಟ್ ಇದೆ. ಫ್ಲೈವೀಲ್ ಕಡೆಯ, ಅಂದರೆ ಗೇರ್‌ಬಾಕ್ಸ್ ಕಡೆಯ ಅದರ ತುದಿಯನ್ನು ಹೊತ್ತಿರುವುದು ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಹಾಕಿದ ಬಾಲ್ ಬೇರಿಂಗ್. ಆ ಶಾಫ್ಟಿನ ಹೆಸರನ್ನೇ ಚುಟುಕಾಗಿಸಿ ಇದನ್ನು ಎಲ್ಲರೂ ಐಎಂಎಸ್ ಬೇರಿಂಗ್ ಎನ್ನುವುದು. ಕಾಲ ಕಳೆದಂತೆ ಸೀಲ್ ಗಟ್ಟಿಯಾಗಿ ಎಂಜಿನ್ ಆಯಿಲ್ ಒಳಗೆ ನುಸುಳುತ್ತದೆ, ಗ್ರೀಸನ್ನು ತೊಳೆದುಹಾಕುತ್ತದೆ. ಗ್ರೀಸ್ ಹೋಯಿತು, ಹೊಸ ಆಯಿಲ್ ಬಂದು ಹರಿದಾಡಲು ಸೀಲ್ ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ಹಳಸಿದ ಆಯಿಲಿನಲ್ಲೇ ಗುಂಡುಗಳು ಸವೆಯುತ್ತವೆ. ಕೊನೆಗೆ ಬೇರಿಂಗ್ ಪುಡಿಯಾದಾಗ ಕ್ಯಾಮ್‌ಗಳ ತಾಳ ತಪ್ಪುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅಲ್ಲಿಗೆ ಎಂಜಿನ್ ಮುಗಿಯಿತು.

ನಿನ್ನ ಅಜ್ಜ ತೋಟದ ಡೀಸೆಲ್ ಪಂಪಿನ ಬೇರಿಂಗ್ ಮನೆಗೆ ಒಂದು ಕೋಲಿನ ತುದಿ ತಾಗಿಸಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೇಸಗೆಯಲ್ಲಿ ಅಡಿಕೆ ಗಿಡಕ್ಕೆ ನೀರು ತಪ್ಪಿದರೆ ವರ್ಷದ ಅನ್ನಕ್ಕೇ ಕುತ್ತು. ಹಾಗಾಗಿ ಅವರು ವಾರಕ್ಕೊಮ್ಮೆಯಾದರೂ ಹಾಗೆ ಕೇಳಿಸಿಕೊಳ್ಳುತ್ತಿದ್ದರು. "ಒಣಗಿದ ಬೇರಿಂಗ್ ಮೊದಲು ಪಿಸುಗುಟ್ಟುತ್ತದೆ, ಆಮೇಲೆ ಕೂಗುತ್ತದೆ" ಎನ್ನುತ್ತಿದ್ದರು. ನಾನು ಮೆಕ್ಯಾನಿಕಲ್ ಓದಿದ್ದೇ ಆ ಕೋಲಿನಿಂದ ಎಂದರೂ ಸರಿ. ಈ ಕಾರಿನ ಕಷ್ಟವೇನೆಂದರೆ, ಅದರ ಬೇರಿಂಗ್ ಪಿಸುಗುಟ್ಟುವುದು ಡ್ರೈವರ್ ಸೀಟಿಗೆ ಕೇಳಿಸುವುದೇ ಇಲ್ಲ.

ಎಲ್ಲ ವರ್ಷಗಳ ಕಾರುಗಳಿಗೂ ಅಪಾಯ ಒಂದೇ ಅಲ್ಲ. ಆರಂಭದ ವರ್ಷಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು, 2000ದ ಸುಮಾರಿಗೆ ಒಂದೇ ಸಾಲಿನ ಚಿಕ್ಕ ಬೇರಿಂಗ್ ಬಂತು. ಅಮೆರಿಕದಲ್ಲಿ 2001ರಿಂದ 2005ರವರೆಗಿನ ಮಾದರಿಗಳ ಮಾಲೀಕರು ಹೂಡಿದ್ದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ವ್ಯಾಜ್ಯದ ಸಂದರ್ಭದಲ್ಲಿ ಹೊರಬಂದ ಲೆಕ್ಕದ ಪ್ರಕಾರ ಒಂದು ಸಾಲಿನ ಬೇರಿಂಗ್ ಕೆಟ್ಟದ್ದು ನೂರಕ್ಕೆ 8ರಿಂದ 10, ಎರಡು ಸಾಲಿನದು ನೂರಕ್ಕೆ ಒಂದರ ಆಸುಪಾಸು. ನೂರಕ್ಕೆ ತೊಂಬತ್ತು ಕಾರುಗಳಿಗೆ ಏನೂ ಆಗಿಲ್ಲ ಎಂದು ಮಾರುವವನು ನಿನಗೆ ಹೇಳುತ್ತಾನೆ, ಅದೂ ನಿಜವೇ. ಆದರೆ ನೀನು ಕೊಳ್ಳುವುದು ನೂರು ಕಾರುಗಳನ್ನಲ್ಲ, ಒಂದನ್ನು. ಆ ಒಂದು ಕೆಟ್ಟರೆ ದುರಸ್ತಿಯ ಬಿಲ್ಲು ಕಾರಿನ ಬೆಲೆಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ರಾಜಿಯಲ್ಲಿ ಸಿಕ್ಕ ಪರಿಹಾರದ ಅವಧಿಯೂ ಎಂದೋ ಮುಗಿದಿದೆ.

ಹಾಗಿದ್ದರೂ ನಾನೇಕೆ ಬೇಡ ಎನ್ನುತ್ತಿಲ್ಲ? ಈ ಭಯವೇ ಆ ಕಾರನ್ನು ನಿನ್ನ ಕೈಗೆಟಕುವಂತೆ ಇಟ್ಟಿದೆ. ಇದರ ಹಿಂದಿನ ಗಾಳಿ ತಂಪಿನ 993 ಈಗ ಸಂಬಳದಾರರ ಮಾತಲ್ಲ. 996 ಮಾತ್ರ ಬೇರಿಂಗಿನ ಹೆಸರು ಕೆಟ್ಟು, ಹುರಿದ ಮೊಟ್ಟೆಯಂತಿವೆ ಎಂದು ಜನ ಆಡಿಕೊಂಡ ಹೆಡ್‌ಲೈಟುಗಳಿಂದಲೂ ಹೆಸರು ಕೆಟ್ಟು, ವರ್ಷಗಟ್ಟಲೆ ಅತ್ಯಂತ ಅಗ್ಗದ 911 ಆಗಿ ಉಳಿಯಿತು. ಅಷ್ಟೇ ಅಲ್ಲ, ಈ ದೋಷಕ್ಕೆ ಮದ್ದು ಇದೆ. ಗೇರ್‌ಬಾಕ್ಸ್ ಇಳಿಸಿ, ಫ್ಲೈವೀಲ್ ತೆಗೆದು, ಹಳೆಯ ಬೇರಿಂಗ್ ಕಿತ್ತು ಗಟ್ಟಿಮುಟ್ಟಾದ ಹೊಸದನ್ನು ಕೂರಿಸಬಹುದು. ಕ್ಲಚ್ ಬದಲಾಯಿಸುವಾಗ ಹೇಗೂ ಗೇರ್‌ಬಾಕ್ಸ್ ಇಳಿಯುವುದರಿಂದ ಎರಡನ್ನೂ ಒಟ್ಟಿಗೆ ಮಾಡಿಸುವುದು ಜಾಣತನ. ಗೊತ್ತಿರುವ, ಬೆಲೆ ಕಟ್ಟಬಹುದಾದ ದೋಷಕ್ಕೆ ನಾನು ಹೆದರುವುದಿಲ್ಲ ಪುಟ್ಟಿ. ಹೆದರುವುದು ಕಾಗದಪತ್ರವಿಲ್ಲದ ಕಾರಿಗೆ.

ನನಗೆ ಅದು ಅನುಭವದಿಂದ ಬಂದ ಮಾತು. ನನ್ನ ಬಾಕ್ಸ್‌ಸ್ಟರ್ 2002ರದ್ದು. ಮಾರಿದವನು ಬೇರಿಂಗ್ ಬದಲಾಯಿಸಿದ್ದೇನೆ ಎಂದು ಬಾಯಿಮಾತಿನಲ್ಲಿ ಹೇಳಿದ. ಬಿಲ್ಲು ಕೇಳಿದರೆ ಮನೆ ಬದಲಾಯಿಸುವಾಗ ಕಳೆದುಹೋಯಿತು ಎಂದ. ಒಳ್ಳೆಯ ಮನುಷ್ಯನಂತೆ ಕಂಡ, ನಂಬಿದೆ. ಎರಡು ವರ್ಷ ನಿಶ್ಚಿಂತೆಯಿಂದ ಓಡಿಸಿದೆ. ಕ್ಲಚ್ ಸವೆದು ಗೇರ್‌ಬಾಕ್ಸ್ ಇಳಿಸಿದ ದಿನ ಮೆಕ್ಯಾನಿಕ್ ನನ್ನನ್ನು ಒಳಗೆ ಕರೆದು ಟಾರ್ಚ್ ಹಿಡಿದು ತೋರಿಸಿದ. ಅಲ್ಲಿದ್ದದ್ದು ಯಾರೂ ಮುಟ್ಟದ ಮೂಲ ಬೇರಿಂಗ್. ಆ ಎರಡು ವರ್ಷ ನಿನ್ನ ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ದೂರದ ಊರುಗಳಿಗೆ ಹೋಗಿ ಬಂದಿದ್ದೆ ಎಂದು ನೆನೆದು ಅಂದು ನನಗೆ ಊಟ ಸೇರಲಿಲ್ಲ. ಕ್ಲಚ್ಚಿನ ಜೊತೆಗೆ ಅದನ್ನೂ ಹಿಂಭಾಗದ ಆಯಿಲ್ ಸೀಲನ್ನೂ ಹಾಕಿಸಿದೆ. ಮೂರು ಸಾವಿರ ಡಾಲರಿಗೂ ಮಿಕ್ಕಿ ಆಯಿತು. ಆ ಬಿಲ್ಲನ್ನು ಇಂದಿಗೂ ಕಾರಿನ ಕಡತದಲ್ಲಿ ಮೊದಲ ಹಾಳೆಯಾಗಿ ಇಟ್ಟಿದ್ದೇನೆ.

ಈಗ ನಿನ್ನ ಎರಡು ಕಾರುಗಳಿಗೆ ಬರೋಣ. ನಿನ್ನ ಮನಸ್ಸು 2003ರ ಬೆಳ್ಳಿ ಬಣ್ಣದ ಕಾರಿನ ಮೇಲಿದೆ ಎಂದು ನೀನು ಹೇಳದಿದ್ದರೂ ಗೊತ್ತಾಗುತ್ತದೆ. 3.6 ಲೀಟರಿನ ಎಂಜಿನ್, ಓಡಿರುವುದು 31,000 ಮೈಲಿ ಮಾತ್ರ, ಸೀಟಿನ ಚರ್ಮ ಹೊಸದರಂತಿದೆ. ಇನ್ನೊಂದು 2001ರದ್ದು. 3.4 ಲೀಟರ್, 94,000 ಮೈಲಿ, ಮುಂದಿನ ಬಂಪರ್ ತುಂಬ ಕಲ್ಲು ಸಿಡಿದ ಗುರುತು. ನಾನಾದರೆ ಎರಡನೆಯದನ್ನು ನೋಡಲು ಮೊದಲು ಹೋಗುತ್ತೇನೆ. ಅದರ ಮಾಲೀಕ ಕ್ಲಚ್ ಮತ್ತು ಬೇರಿಂಗ್ ಬದಲಾಯಿಸಿದ ಬಿಲ್ಲನ್ನು ದಿನಾಂಕ, ಮೈಲಿ ಸಮೇತ ಕೊಟ್ಟಿದ್ದಾನೆ. ಸುಮಾರು ಐದು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಾಗಿದೆ. ಬೆಳ್ಳಿ ಕಾರು ಇಪ್ಪತ್ತು ವರ್ಷದಲ್ಲಿ ವರ್ಷಕ್ಕೆ ಒಂದೂವರೆ ಸಾವಿರ ಮೈಲಿ ಓಡಿದೆ. ಅಂದರೆ ಬಹುಕಾಲ ನಿಂತೇ ಇತ್ತು. ಒಂದೇ ಸಾಲಿನ ಬೇರಿಂಗ್, ಮೇಲೆ ಹಳಸಿದ ಆಯಿಲಿನಲ್ಲಿ ತಿಂಗಳುಗಟ್ಟಲೆ ನೆನೆದದ್ದು. ಈ ಎಂಜಿನ್ನುಗಳಲ್ಲಿ ಪಳಗಿದ ಮೆಕ್ಯಾನಿಕ್‌ಗಳು ಓಡುವ ಕಾರಿಗಿಂತ ನಿಂತ ಕಾರಿಗೇ ಹೆಚ್ಚು ಹೆದರುತ್ತಾರೆ. ಬೆಳ್ಳಿ ಕಾರಿಗೆ ಒಂಬತ್ತು ಸಾವಿರ ಡಾಲರ್ ಹೆಚ್ಚು ಕೊಡು ಎನ್ನುತ್ತಿರುವುದು ಮೀಟರಿನ ಅಂಕಿಯ ಬೆಲೆ, ಎಂಜಿನ್ನಿನ ಬೆಲೆಯಲ್ಲ.

ಆದರೂ ಬಿಲ್ಲನ್ನು ನೋಡಿ ಕಣ್ಣು ಮುಚ್ಚಬೇಡ. ಈ ಕಾರುಗಳನ್ನೇ ದಿನವೂ ಬಿಚ್ಚಿ ಜೋಡಿಸುವ, ಮಾರುವವನಿಗೆ ಸಂಬಂಧವಿಲ್ಲದ ವರ್ಕ್‌ಶಾಪಿನಲ್ಲಿ ನಿನ್ನ ಖರ್ಚಿನಲ್ಲೇ ಪರೀಕ್ಷೆ ಮಾಡಿಸು. ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಲು ಹೇಳು. ಕಂದು ಅಥವಾ ಕಪ್ಪು ಪ್ಲಾಸ್ಟಿಕ್ಕಿನ ಚೂರುಗಳಿದ್ದರೆ ಅವು ಸಾಮಾನ್ಯವಾಗಿ ಚೈನಿನ ಪಟ್ಟಿಗಳು ಸವೆದದ್ದು, ಗಾಬರಿ ಬೇಡ. ಬೆಳ್ಳಿಯಂತೆ ಮಿನುಗುವ, ಆಯಸ್ಕಾಂತಕ್ಕೆ ಅಂಟುವ ಚಕ್ಕೆಗಳಿದ್ದರೆ ನಮಸ್ಕಾರ ಹೇಳಿ ಬಂದುಬಿಡು. ಲೋಹದ ಪುಡಿ ಆಯಿಲಿನೊಡನೆ ಎಂಜಿನ್ ತುಂಬ ಹರಿದ ಮೇಲೆ ಹೊಸ ಬೇರಿಂಗ್ ಹಾಕಿದರೂ ಪ್ರಯೋಜನವಿಲ್ಲ. ಸಿಲಿಂಡರ್ ಗೋಡೆಗಳಲ್ಲಿ ಗೀರು ಬಿದ್ದಿದೆಯೇ ಎಂದು ಒಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಲಿ, ಆರನೆಯ ಸಿಲಿಂಡರನ್ನು ವಿಶೇಷವಾಗಿ. ಎರಡು ಸೈಲೆನ್ಸರ್ ತುದಿಗಳಲ್ಲಿ ಒಂದರಲ್ಲಿ ಮಾತ್ರ ಮಸಿ ದಟ್ಟವಾಗಿದ್ದರೆ ಅನುಮಾನಪಡು. ಗೇರ್ ತಪ್ಪಿ ಎಂಜಿನ್ ಮಿತಿಮೀರಿ ತಿರುಗಿದ್ದರೆ ಕಾರಿನ ಕಂಪ್ಯೂಟರ್ ಅದನ್ನು ನೆನಪಿಟ್ಟಿರುತ್ತದೆ, ಆ ದಾಖಲೆಯನ್ನೂ ತೆಗೆಸು. ಮುಂದಿನ ಬಂಪರಿನ ಬಾಯಿಗಳೊಳಗೆ ಒಣ ಎಲೆಗಳು ತುಂಬಿ ರೇಡಿಯೇಟರ್ ಕೊಳೆಯುವುದು ಈ ಕಾರುಗಳಲ್ಲಿ ಸಾಮಾನ್ಯ. ಬೆರಳು ಹಾಕಿ ನೀನೇ ನೋಡಬಹುದು. ಎಲೆ ತೆಗೆಯುವಷ್ಟು ಸಣ್ಣ ಕೆಲಸ ಮಾಡದವನು ದೊಡ್ಡ ಕೆಲಸ ಮಾಡಿಸಿರುತ್ತಾನೆ ಎಂದು ನಾನು ನಂಬುವುದಿಲ್ಲ. ನೀನಿರುವ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಇರುವುದರಿಂದ ಅದರ ಹಳೆಯ ವರದಿಗಳನ್ನೂ ಕೇಳು.

ಹಣದ ವಿಷಯ. ಕೊಳ್ಳುವ ಹಣ ಬೇರೆ, ಸಾಕುವ ಹಣ ಬೇರೆ. ಹಸು ತರುವ ಮುಂಚೆ ಹುಲ್ಲಿನ ಬಣವೆ ಒಟ್ಟುವ ಮನೆಯವರು ನಾವು. ಕೊಂಡ ದಿನ ನಿನ್ನ ಖಾತೆಯಲ್ಲಿ ಈ ಕಾರಿಗೆಂದೇ ಎಂಟು ಸಾವಿರ ಡಾಲರ್ ಬೇರೆ ಇರಬೇಕು. ಊರಿಗೆ ಕಳುಹಿಸುವ ಹಣದಿಂದಲ್ಲ, ತುರ್ತಿಗೆಂದು ಇಟ್ಟ ಹಣದಿಂದಲೂ ಅಲ್ಲ. ಕೂಲಂಟ್ ಟ್ಯಾಂಕ್ ಬಿರುಕು ಬಿಡುತ್ತದೆ, ವಾಟರ್ ಪಂಪ್ ಸೋರುತ್ತದೆ, ಇಗ್ನಿಷನ್ ಕಾಯಿಲ್‌ಗಳು ಒಂದೊಂದಾಗಿ ಕೈ ಕೊಡುತ್ತವೆ. ಇವು ಯಾವುವೂ ಎಂಜಿನ್ ಕೊಲ್ಲುವುದಿಲ್ಲ, ಆದರೆ ಬಿಡಿಭಾಗದ ಬೆಲೆ ಕಾರಿನ ಈಗಿನ ಬೆಲೆಗೆ ತಕ್ಕಂತೆ ಇಳಿದಿಲ್ಲ. ಹೊಸದಾಗಿದ್ದಾಗ ಸುಮಾರು 65,000 ಡಾಲರಿನ ಕಾರು ಅದು, ಇಂದಿಗೂ ಅದೇ ದರ್ಜೆಯ ಕಾರಿನಂತೆ ತಿನ್ನುತ್ತದೆ. ಆ ಎಂಟು ಸಾವಿರ ಈಗ ಇಲ್ಲದಿದ್ದರೆ ಒಂದು ವರ್ಷ ತಡೆ. ಕಾರು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದನ್ನು ನಿನ್ನನ್ನು ನೀನೇ ಕೇಳಿಕೊಳ್ಳಬೇಕು. ನಿನಗೆ ಬೇಕಾಗಿರುವುದು ವೇಗವೇ? ಹಾಗಿದ್ದರೆ ಅದೇ ಕಾಲದ ಅಮೆರಿಕನ್ ಸ್ಪೋರ್ಟ್ಸ್ ಕಾರು ಕೊರ್ವೆಟ್ ಸಿ5 ತೆಗೆದುಕೊ. 5.7 ಲೀಟರ್, 345ರಿಂದ 350 ಅಶ್ವಶಕ್ತಿ, ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಬಲ್ಲ ಸರಳ ಎಂಜಿನ್. ಡಾಲರಿಗೆ ಸಿಗುವ ಶಕ್ತಿಯ ಲೆಕ್ಕದಲ್ಲಿ 996 ಅದರ ಹತ್ತಿರವೂ ಬರುವುದಿಲ್ಲ. ನಿನ್ನ ಕಚೇರಿಯ ಮುಂದೆ ಸಾಲಾಗಿ ಚಾರ್ಜ್ ಆಗುತ್ತಿರುವ ಎಲೆಕ್ಟ್ರಿಕ್ ಕಾರುಗಳಲ್ಲಿ ಎಷ್ಟೋ ಸಿಗ್ನಲ್ಲಿನಲ್ಲಿ ಇವೆರಡನ್ನೂ ಹಿಂದೆ ಹಾಕುತ್ತವೆ. 996ರ ಸುಖ ಅಲ್ಲಿಲ್ಲ. ಸುಮಾರು 1,320 ಕಿಲೋ ತೂಕದ ಹಗುರ ಮೈ, ಹಿಂದಿನ ಚಕ್ರಗಳಿಗೂ ಹಿಂದೆ ಕೂತ ಎಂಜಿನ್, ರಸ್ತೆಯ ಒಂದೊಂದು ಕಣವನ್ನೂ ಅಂಗೈಗೆ ಮುಟ್ಟಿಸುವ ಹೈಡ್ರಾಲಿಕ್ ಸ್ಟೀರಿಂಗ್. 2011ರ ನಂತರದ 911ಗಳಿಗೆ ಎಲೆಕ್ಟ್ರಿಕ್ ಸ್ಟೀರಿಂಗ್ ಬಂತು. ಅವು ಎಲ್ಲ ಅಳತೆಯಲ್ಲೂ ಉತ್ತಮ ಕಾರುಗಳು, ಆದರೆ ಆ ಸ್ಪರ್ಶ ನನಗೆ ಅವುಗಳಲ್ಲಿ ಸಿಗಲಿಲ್ಲ. ಅಕ್ಟೋಬರಿನಲ್ಲಿ ಮೇಪಲ್ ಎಲೆ ಕೆಂಪಾದಾಗ ನಾನೂ ನಿನ್ನ ದೊಡ್ಡಮ್ಮನೂ ಮಿಷಿಗನ್ ಸರೋವರದ ಪಕ್ಕದ ಎಂ-22 ರಸ್ತೆಯಲ್ಲಿ ಹೋಗುತ್ತೇವೆ. ಗಂಟೆಗೆ ಐವತ್ತು ಮೈಲಿ ದಾಟುವುದು ಅಪರೂಪ. ಆದರೂ ತಿರುವೊಂದಕ್ಕೆ ಕಾರು ವಾಲುವಾಗ ನನಗೆ ಆಗುಂಬೆಯ ಘಾಟಿಯಲ್ಲಿ ಸೈಕಲ್ ಇಳಿಸಿದ ಹುಡುಗನ ಎದೆಬಡಿತ ಬರುತ್ತದೆ. ನಿನಗೆ ಅಲ್ಲಿನ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಯ ತಿರುವುಗಳು ಅರ್ಧ ಗಂಟೆಯ ದೂರದಲ್ಲಿವೆ. ನಿನಗೆ ಬೇಕಾಗಿರುವುದು ಇದು ಎಂದಾದರೆ ಬೇರಿಂಗಿನ ಗೋಳು ಸಹಿಸಲು ಯೋಗ್ಯ.

ತಂದ ಮೇಲೆ ಗ್ಯಾರೇಜಿನಲ್ಲಿ ಬಟ್ಟೆ ಹೊದಿಸಿ ಕೂರಿಸಬೇಡ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸು. ಬಿಸಿಯಾದ ಮೇಲೆ ಕೆಳಗಿನ ಗೇರಿನಲ್ಲಿ ಎಂಜಿನ್ನನ್ನು ಚೆನ್ನಾಗಿ ತಿರುಗಲು ಬಿಡು. ನಮ್ಮಲ್ಲಿ ಚಳಿಗಾಲದ ರಸ್ತೆಗಳಿಗೆ ಉಪ್ಪು ಸುರಿಯುವುದರಿಂದ ನಾನು ನವೆಂಬರಿನಿಂದ ಏಪ್ರಿಲಿನವರೆಗೆ ನಿಲ್ಲಿಸಲೇಬೇಕು. ಆದ್ದರಿಂದ ನಿಲ್ಲಿಸುವ ಮುನ್ನ ಹೊಸ ಆಯಿಲ್ ಹಾಕುತ್ತೇನೆ, ಹಳೆಯ ಆಯಿಲಿನಲ್ಲಿ ಅದು ಐದು ತಿಂಗಳು ಕೂರಬಾರದೆಂದು. ನಿನಗೆ ಆ ತಾಪತ್ರಯವಿಲ್ಲ.

ನಿನ್ನ ಅಪ್ಪನಿಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ. ಪರೀಕ್ಷೆಯ ವರದಿ ಬರುವವರೆಗೆ ಮುಂಗಡ ಕೊಡುವುದಿಲ್ಲ ಎಂದು ನೀನು ಮಾತು ಕೊಟ್ಟರೆ ಅವನನ್ನು ಒಪ್ಪಿಸುವುದು ನನ್ನ ಜವಾಬ್ದಾರಿ.

ಶನಿವಾರ 2001ರ ಕಾರು ನೋಡಲು ಹೋಗುವಾಗ, ನೀನು ತಲುಪುವವರೆಗೆ ಎಂಜಿನ್ ಶುರು ಮಾಡಬಾರದೆಂದು ಮಾಲೀಕನಿಗೆ ಹಿಂದಿನ ದಿನವೇ ಹೇಳಿಡು. ಹೋದ ಕೂಡಲೇ ಹಿಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ನೋಡು. ಆಮೇಲೆ ಅವನು ಕೀ ತಿರುಗಿಸುವಾಗ ನೀನು ಕಾರಿನ ಹಿಂದೆ ನಿಂತಿರು, ಮೊದಲ ಅರ್ಧ ನಿಮಿಷದ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳುಹಿಸು. ನಾನು ಫೋನ್ ಕೈಯಲ್ಲಿ ಹಿಡಿದೇ ಕಾಯುತ್ತಿರುತ್ತೇನೆ.

ಇಂತು ನಿನ್ನ
ದೊಡ್ಡಪ್ಪ