ಖಾಲಿ ಗೋಡೆಯ ಮುಂದೆ ಕೂತವಳಿಗೆ

ಕೋಲಾರ, ಶುಕ್ರವಾರ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಆಸ್ಪತ್ರೆಯದ್ದು, ಸಾಲದ್ದು ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿದ್ದಾಳೆ, ಮತ್ತೆ ಕೆದಕುವುದಿಲ್ಲ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ದೀಪ ಹಚ್ಚಿ ಕೂತರೆ ಖಾಲಿ ಗೋಡೆ ಮುಂದೆ ಕೂತ ಹಾಗಾಗುತ್ತೆ, ದೇವರು ನನ್ನ ಕೈಬಿಟ್ಟನಾ ದೊಡ್ಡಮ್ಮ" ಅಂತ. ಆ ಸಾಲು ಓದಿದಾಗಿನಿಂದ ಮನಸ್ಸು ನಿಲ್ಲುತ್ತಿಲ್ಲ.

ನಾನೂ ಆ ಗೋಡೆ ನೋಡಿದ್ದೇನೆ ಮಗಳೇ. ಅದನ್ನ ಯಾರ ಹತ್ತಿರವೂ ಹೇಳಿಲ್ಲ.

ನಿನ್ನ ದೊಡ್ಡಪ್ಪ ಹೋದದ್ದು 2003ರಲ್ಲಿ, ಬರದ ವರ್ಷ. ಆಮೇಲೆ ನಾನು ದೇವರ ಕೋಣೆ ಬಾಗಿಲು ಹಾಕಿದವಳು ಹನ್ನೊಂದು ತಿಂಗಳು ತೆಗೆಯಲಿಲ್ಲ. ನಮ್ಮತ್ತೆ ಸಂಜೆ ಆ ಮುಚ್ಚಿದ ಬಾಗಿಲ ಹೊಸ್ತಿಲ ಮೇಲೆ ದೀಪ ಇಡುತ್ತಿದ್ದರು. ಒಂದು ದಿನ ರೇಗಿಬಿಟ್ಟೆ. "ಕೇಳೋರು ಯಾರಿದ್ದಾರೆ ಅಂತ ಹಚ್ತೀರಿ?" ಅಂದೆ. ಅವರು ಮಾತಾಡಲಿಲ್ಲ. ಗಾಳಿಗೆ ಕೈ ಅಡ್ಡ ಹಿಡಿದು ದೀಪ ಎತ್ತಿಕೊಂಡು ಹೋಗಿ ತುಳಸಿ ಕಟ್ಟೆಯಲ್ಲಿಟ್ಟರು. ಹೋದವನು ಅವರ ಮಗ. ಅದು ನನಗೆ ಆಗ ಹೊಳೆಯಲೇ ಇಲ್ಲ. ನಾನೊಬ್ಬಳೇ ಕಳೆದುಕೊಂಡವಳು ಅನ್ನೋ ಹಾಗಿದ್ದೆ. ಕ್ಷಮೆ ಕೇಳೋಣ ಅಂದುಕೊಂಡೇ ವರ್ಷಗಳು ಹೋದವು, ಅವರೂ ಹೋದರು.

ನಿನ್ನ ದೊಡ್ಡಪ್ಪ ಹೋದಾಗ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿದ್ದವು. ಆ ಹೊತ್ತಲ್ಲಿ ಅವು ಹಗಲು ರಾತ್ರಿ ತಿನ್ನುತ್ತವೆ. ಸೊಪ್ಪು ಕೊಯ್ಯೋರು ಯಾರು? ನಾನು ಮೂಲೆ ಹಿಡಿದಿದ್ದೆ. ಕತ್ತಲಾದ ಮೇಲೆ ಪಕ್ಕದ ಮನೆಯವರು ಹೊರೆ ತಂದು ಜಗಲಿಗೆ ಹಾಕಿ, ಒಳಗೆ ಬಂದು ತಟ್ಟೆ ತಟ್ಟೆಗೂ ಸೊಪ್ಪು ಹರಡಿ ಹೋಗುತ್ತಿದ್ದರು. ಬೋರು ಬತ್ತಿದ ಆ ವರ್ಷ ಅವರಿಗೇ ಸೊಪ್ಪು ಸಾಲದು. ಹುಳ ಮೇಯುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತೆ. ಅದನ್ನ ಕೇಳುತ್ತಾ ಮಲಗಿ ದೇವರಿಲ್ಲ, ದೇವರಿಲ್ಲ ಅನ್ನುತ್ತಿದ್ದೆ. ಆ ಹೊರೆ ತಂದವರನ್ನ ಒಂದು ಮಾತು ಸಹ ಆಡಿಸಲಿಲ್ಲ.

ನಿನ್ನ ಭಯಕ್ಕೆ ಇದು ಉತ್ತರವಾ, ಗೊತ್ತಿಲ್ಲ. ನೀನು ಕೇಳಿದ್ದು ಕೈಬಿಟ್ಟನಾ ಅಂತ.

ಕೋಲಾರಮ್ಮನ ಗುಡಿ ನೆನಪಿದೆಯಾ? ಅಮ್ಮನ ದೃಷ್ಟಿ ಉಗ್ರ, ನೇರ ನೋಡಬಾರದು ಅಂತ ಕನ್ನಡಿಯಲ್ಲಿ ದರ್ಶನ ಮಾಡುತ್ತೇವಲ್ವಾ. ನೀನು ಚಿಕ್ಕವಳಿದ್ದಾಗ ಅಮ್ಮ ಕನ್ನಡಿ ಹಿಂದೆ ಇದ್ದಾಳೆ ಅಂತ ಹೋಗಿ ಹುಡುಕಿದ್ದೆ. ಆ ಹನ್ನೊಂದನೇ ತಿಂಗಳಲ್ಲಿ ಅತ್ತೆ ನನ್ನ ಬಲವಂತವಾಗಿ ಅಲ್ಲಿಗೆ ಕರೆದುಕೊಂಡು ಹೋದರು. ಸುಮ್ನೆ ನಿಂತಿದ್ದೆ. ಏನೂ ಅನ್ನಿಸಲಿಲ್ಲ, ನಿನಗೆ ಆಗುವ ಹಾಗೇ. ಆಮೇಲೆ ಕನ್ನಡಿಯಲ್ಲಿ ಅಮ್ಮನ ಜೊತೆ ಅತ್ತೆಯ ಮುಖವೂ ಕಂಡಿತು. ಅರ್ಚನೆಗೆ ಹೆಸರು ಹೇಳುತ್ತಿದ್ದರು. ಮಗನ ಹೆಸರಲ್ಲ ಪುಟ್ಟಿ, ನನ್ನ ಹೆಸರು. ಅಲ್ಲೇ ಕೂತು ಅತ್ತುಬಿಟ್ಟೆ. ಅವತ್ತು ಮನೆಗೆ ಬಂದು ಬಾಗಿಲು ತೆಗೆದೆ.

ದೇವರು ಕೈಬಿಟ್ಟಿರಲಿಲ್ಲ. ನನಗೆ ಆಗ ಕಾಣಿಸುತ್ತಿರಲಿಲ್ಲ, ಅಷ್ಟೇ. ನಿನ್ನನ್ನೂ ಬಿಟ್ಟಿಲ್ಲ. ನೀನು ಏನೋ ತಪ್ಪು ಮಾಡಿದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೂ ಕೇಳು, ಹರಕೆ ಮೇಲೆ ಹರಕೆ ಹೊರಬೇಡ. ಸಹಸ್ರನಾಮ ಎಲ್ಲ ಈಗ ಆಗದಿದ್ದರೆ ಬಿಡು. ಅಳು ಬಂದರೆ ದೇವರ ಮುಂದೆಯೇ ಅಳು, ಬೈಯಬೇಕು ಅನ್ನಿಸಿದರೆ ಬೈ. ನಿದ್ದೆ ಇಲ್ಲ ಅಂದಿದ್ದೀಯ, ಅದನ್ನ ಡಾಕ್ಟರ ಹತ್ತಿರ ಹೇಳು. ಮಾತ್ರೆ ತಗೊಂಡರೆ ಭಕ್ತಿ ಕಡಿಮೆ ಅಂತ ಅಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಒಬ್ಬಳೇ ಕೂತು ಅಲ್ಲ. ಎದುರು ಮನೆಯವರು ಸಾರು ತಂದು ಕೊಡುತ್ತಾರೆ ಅಂತ ಬರೆದಿದ್ದೆಯಲ್ಲ, ಅವರನ್ನ ಒಳಗೆ ಕರಿ. ನಾನು ಮಾಡಲಿಲ್ಲ, ನೀನಾದರೂ ಮಾಡು.

ನಿಮ್ಮಮ್ಮನ ಕೈಲಿ ಅತ್ತೆಯ ಹಿತ್ತಾಳೆ ದೀಪ ಕಳಿಸುತ್ತಿದ್ದೇನೆ, ಹೊಸ್ತಿಲ ಮೇಲಿಡುತ್ತಿದ್ದದ್ದೇ. ಹುಣಸೆಹಣ್ಣು ಹಚ್ಚಿ ಉಜ್ಜಿದ್ದೇನೆ. ಬತ್ತಿ ನಾನೇ ಹೊಸೆದದ್ದು. ಹಚ್ಚಬೇಕು ಅನ್ನಿಸದಿದ್ದರೆ ಹಾಗೇ ಇಟ್ಟುಕೊಂಡಿರು. ಇಲ್ಲಿ ಸಂಜೆ ನಾನು ಹಚ್ಚುವಾಗ ನಿನ್ನ ಹೆಸರು ಹೇಳುತ್ತೇನೆ.

ನಿನ್ನ ದೊಡ್ಡಮ್ಮ